ಪಾಳಿ ತಪ್ಪಿದಾಗ ಎಲ್ಲಿಂದ ಹುಡುಕಬೇಕು

ಮುಟ್ಟಿಗೆ ಮರಾಠಿಯವರು ‘ಪಾಳಿ’ ಅನ್ನುತ್ತಾರೆ. ನಮ್ಮ ಕನ್ನಡದಲ್ಲಿ ಪಾಳಿ ಅಂದರೆ ಸರದಿ, ಕೆಲಸದ ಶಿಫ್ಟು. ನಾನು ಧಾರವಾಡದ ಕಡೆಯಿಂದ ಮುಂಬೈಗೆ ಬಂದ ಹೊಸತು. ಆಸ್ಪತ್ರೆಯ ಸ್ತ್ರೀರೋಗ ವಿಭಾಗದ ಓಪಿಡಿಯಲ್ಲಿ ಒಬ್ಬಳು ‘ಪಾಳಿ ಚುಕಲೀ’ ಅಂದಳು. ಡ್ಯೂಟಿ ತಪ್ಪಿಸಿಕೊಂಡು ಬಂದಿದ್ದಾಳೆ ಅಂದುಕೊಂಡು ‘ಇರಲಿ ಬಿಡು, ನಾಳೆ ಹೋಗು’ ಅಂದೆ. ಸುತ್ತ ಇದ್ದವರೆಲ್ಲ ನಕ್ಕಿದ್ದೇ ನಕ್ಕಿದ್ದು. ಆಮೇಲೆ 30 ವರ್ಷ ಅದೇ ವಿಭಾಗದಲ್ಲಿ ನರ್ಸಾಗಿ ದುಡಿದೆ. ಈಗ ನಿವೃತ್ತಿಯಾಗಿ ಡೊಂಬಿವಲಿಯ ಮನೆಯಲ್ಲಿದ್ದೇನೆ. ಬಾಗಿಲು ತಟ್ಟುವವರು ಮಾತ್ರ ನಿಂತಿಲ್ಲ.

ಈಚೆಗೆ ಬಂದವಳು ಮೇಲಿನ ಮಹಡಿಯ ಹುಡುಗಿ. ಗದಗದವಳು, 26 ವರ್ಷ, ಐರೋಲಿಯ ಕಂಪನಿಯೊಂದರಲ್ಲಿ ರಾತ್ರಿ ಪಾಳಿ. ಎರಡು ತಿಂಗಳಿಂದ ಮುಟ್ಟಾಗಿಲ್ಲ. ಕೈಯಲ್ಲಿ ಗುಳಿಗೆಯ ಸ್ಟ್ರಿಪ್.

“ಆಂಟಿ, ಮೆಡಿಕಲ್‌ನವರು ಕೊಟ್ಟರು. ಐದು ದಿನ ತಗೊಂಡ್ರೆ ಬಂದುಬಿಡುತ್ತಂತೆ. ಇವತ್ತಿಂದ ಶುರು ಮಾಡ್ಲಾ?”

ಸ್ಟ್ರಿಪ್ ಇಸಿದುಕೊಂಡು ಫ್ರಿಜ್ ಮೇಲಿಟ್ಟೆ. ಆ ಗುಳಿಗೆ ಕೆಲಸ ಮಾಡುವುದಿಲ್ಲ ಅಂತಲ್ಲ. ಎಷ್ಟೋ ಸಲ ಮಾಡುತ್ತದೆ, ತೊಂದರೆ ಇರುವುದೇ ಅಲ್ಲಿ. ನಲ್ಲಿಯಲ್ಲಿ ನೀರು ಬರಲಿಲ್ಲ ಅಂತ ಟ್ಯಾಂಕರ್ ತರಿಸಿದ ಹಾಗೆ ಅದು. ಡೊಂಬಿವಲಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಂಕರ್ ಬಂತು, ಬಕೆಟ್ ತುಂಬಿತು, ಪೈಪು ಎಲ್ಲಿ ಒಡೆದಿದೆ ಅಂತ ಯಾರೂ ನೋಡಲಿಲ್ಲ. ಮುಂದಿನ ತಿಂಗಳು ಮತ್ತೆ ಟ್ಯಾಂಕರ್. ಹೀಗೆ ಒಂದೂವರೆ ವರ್ಷ ಗುಳಿಗೆ ತಿಂದು ಮುಟ್ಟು ತರಿಸಿಕೊಂಡು, ಕೊನೆಗೆ ಬೇರೆ ಕಾಯಿಲೆ ಬಲಿತ ಮೇಲೆ ಓಪಿಡಿಗೆ ಬಂದವರನ್ನು ನೋಡಿದ್ದೇನೆ. ಅದಕ್ಕೇ ನಾನು ಹೇಳುವುದಿಷ್ಟೆ. ರಕ್ತ ತರಿಸುವ ಆತುರ ಬೇಡ. ಎಲ್ಲಿ ನಿಂತಿದೆ ಅಂತ ಮೊದಲು ನೋಡಿ.

ನಿಜವಾಗಿಯೂ ತಪ್ಪಿದೆಯಾ?

ಬಂದವರಲ್ಲಿ ಸುಮಾರು ಜನರದ್ದು ಲೆಕ್ಕದ ತಪ್ಪು. ‘ಹೋದ ತಿಂಗಳು 5ಕ್ಕೆ ಆಗಿದ್ದೆ, ಈ ತಿಂಗಳು 9 ಆದರೂ ಇಲ್ಲ’ ಅನ್ನುತ್ತಾರೆ. ಮೈಗೆ ಕ್ಯಾಲೆಂಡರಿನ ತಾರೀಖು ಗೊತ್ತಿಲ್ಲ. ರಕ್ತ ಕಾಣಿಸಿದ ಮೊದಲ ದಿನ 1 ಅಂತ ಹಿಡಿಯಬೇಕು, ಮುಂದಿನ ಸಲ ಕಾಣಿಸಿದ ಮೊದಲ ದಿನದವರೆಗೆ ಎಣಿಸಬೇಕು. ಕೆಲವರು ಸ್ರಾವ ನಿಂತ ದಿನದಿಂದ ಎಣಿಸುತ್ತಾರೆ. ಅಲ್ಲಿಗೆ ಐದು ದಿನ ಹೆಚ್ಚುಕಡಿಮೆ ಆಗಿಹೋಯಿತು.

ದೊಡ್ಡವರಲ್ಲಿ 21ರಿಂದ 35 ದಿನದ ಒಳಗೆ ಬಂದರೆ ಸರಿಯೇ. ಪ್ರತಿ ತಿಂಗಳೂ 28ಕ್ಕೇ ಬರಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಒಮ್ಮೆ 27, ಒಮ್ಮೆ 32 ಆದರೆ ಅದು ಕೆಟ್ಟಿದೆ ಅಂತಲ್ಲ. ಮೈನೆರೆದು ಎರಡು ಮೂರು ವರ್ಷದೊಳಗಿನ ಹುಡುಗಿಯರಲ್ಲಿ 45 ದಿನದವರೆಗೂ ಹೋಗುತ್ತದೆ. ಅಂಡಾಶಯ ಇನ್ನೂ ಕೆಲಸ ಕಲಿಯುತ್ತಿರುತ್ತದೆ.

ಹಿಂದೆ ಸರಿಯಾಗಿ ಬರುತ್ತಿದ್ದವರಿಗೆ 3 ತಿಂಗಳು ಬರದಿದ್ದರೆ, ಮೊದಲಿಂದಲೂ ಹಿಂದೆಮುಂದೆ ಆಗುತ್ತಿದ್ದವರಿಗೆ 6 ತಿಂಗಳು ಬರದಿದ್ದರೆ, ಡಾಕ್ಟರುಗಳ ಪುಸ್ತಕದಲ್ಲಿ ಅದು ‘ಮುಟ್ಟು ನಿಂತಿದೆ’ ಅನ್ನುವ ಲೆಕ್ಕ. ಹಾಗಂತ ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮನೆಯಲ್ಲಿ ಮಾಡುವ ಕೆಲಸ ಒಂದು ವಾರ ತಡವಾದಾಗಲೇ ಶುರು.

ಮೊದಲ ಕೆಲಸ, ಗರ್ಭ ನಿಂತಿದೆಯಾ ಅಂತ ನೋಡುವ ಕಾರ್ಡ್ ಪರೀಕ್ಷೆ

‘ಸಾಧ್ಯವೇ ಇಲ್ಲ ಸಿಸ್ಟರ್’ ಅನ್ನುವ ಮಾತನ್ನು ನಾನು ಸಾವಿರ ಸಲ ಕೇಳಿರಬೇಕು. ಗಂಡ ದುಬೈಯಲ್ಲಿದ್ದಾನೆ. ಆಪರೇಷನ್ ಆಗಿದೆ. ಕಾಪರ್ ಟಿ ಇದೆ. ವಯಸ್ಸು 46. ಮದುವೆಯೇ ಆಗಿಲ್ಲ. ನಾವು ಯಾರ ಜೊತೆಯೂ ವಾದ ಮಾಡುತ್ತಿರಲಿಲ್ಲ. ಬಾಟಲಿ ಕೈಗೆ ಕೊಟ್ಟು ‘ಎಲ್ಲರಿಗೂ ಮಾಡುತ್ತೇವೆ ತಾಯಿ’ ಅನ್ನುತ್ತಿದ್ದೆವು. ಸುಳ್ಳಲ್ಲ, ಎಲ್ಲರಿಗೂ ಮಾಡುತ್ತಿದ್ದೆವು. ಮುಟ್ಟು ನಿಂತವಳ ಗುಣನಡತೆ ಅಳೆಯುವ ಪರೀಕ್ಷೆ ಅಲ್ಲ ಇದು. ಮುಂದಿನ ಎಲ್ಲಾ ಹುಡುಕಾಟದ ದಾರಿ ಇದರ ಮೇಲೆ ನಿಂತಿದೆ. ಎಕ್ಸ್‌ರೇ ತೆಗೆಸಬಹುದಾ, ಯಾವ ಗುಳಿಗೆ ಕೊಡಬಹುದು, ಎಲ್ಲವೂ.

ಮೆಡಿಕಲ್‌ನಲ್ಲಿ ಚೀಟಿ ಇಲ್ಲದೆ ಕಿಟ್ ಸಿಗುತ್ತದೆ. ಬೆಳಗಿನ ಮೊದಲ ಮೂತ್ರ ಹಿಡಿಯಿರಿ. ರಾತ್ರಿಯೆಲ್ಲ ನಿಂತದ್ದರಿಂದ ಅದರಲ್ಲಿ ಗರ್ಭ ನಿಂತಾಗ ಬರುವ ಎಚ್‌ಸಿಜಿ ಹಾರ್ಮೋನ್ ಗಟ್ಟಿಯಾಗಿರುತ್ತದೆ. ಎರಡು ಲೋಟ ನೀರು ಕುಡಿದು ಹಿಡಿದರೆ ತೆಳುವಾಗಿ, ಇದ್ದದ್ದೂ ಕಾಣದೆ ಹೋಗಬಹುದು. ರಾತ್ರಿ ಪಾಳಿಯವರಿಗೆ ಬೆಳಿಗ್ಗೆ ಅಂದರೆ ಮಲಗಿ ಎದ್ದ ಹೊತ್ತು, ಅದು ಮಧ್ಯಾಹ್ನ ಮೂರಾದರೂ ಸರಿ. ಕಾರ್ಡಿನ ಗುಳಿಯಲ್ಲಿ ಎರಡು ಮೂರು ಹನಿ ಬಿಟ್ಟು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಿರಿ. ಸಾಮಾನ್ಯವಾಗಿ 5 ನಿಮಿಷ.

ಕಾರ್ಡಿನ ಮೇಲಿನ ಸಿ ಅಕ್ಷರದ ಹತ್ತಿರ ಗೆರೆ ಬರಲೇಬೇಕು. ಬರದಿದ್ದರೆ ಕಾರ್ಡೇ ಕೆಟ್ಟಿದೆ, ಬೇರೆ ತನ್ನಿ. ಟಿ ಅಕ್ಷರದ ಹತ್ತಿರ ಎಷ್ಟೇ ಮಸುಕಾಗಿ ಬಂದರೂ ಗರ್ಭ ನಿಂತಿದೆ ಅಂತಲೇ ಲೆಕ್ಕ. ಕಸದ ಬುಟ್ಟಿಗೆ ಹಾಕಿ, ಸಂಜೆ ಮತ್ತೆ ಎತ್ತಿ ನೋಡಿ, ಹೊಸ ಗೆರೆ ಕಂಡಿತೆಂದು ಗಾಬರಿಯಾಗಬೇಡಿ. ಒಣಗಿದ ಮೇಲೆ ಬರುವ ಗೆರೆಗೆ ಬೆಲೆ ಇಲ್ಲ.

ಟಿ ಗೆರೆ ಬರಲಿಲ್ಲ, ಮುಟ್ಟೂ ಬರಲಿಲ್ಲ ಅಂದರೆ ಒಂದು ವಾರ ಬಿಟ್ಟು ಇನ್ನೊಂದು ಕಾರ್ಡ್. ಆ ತಿಂಗಳು ಅಂಡವೇ ತಡವಾಗಿ ಬಿಡುಗಡೆಯಾಗಿದ್ದರೆ ಗರ್ಭವೂ ತಡವಾಗಿ ನಿಂತಿರುತ್ತದೆ, ಮೊದಲ ಕಾರ್ಡ್ ಬೇಗ ಮಾಡಿದಂತಾಗುತ್ತದೆ. ಎರಡನೆಯದೂ ಇಲ್ಲ ಅಂದರೆ ಮುಂದಕ್ಕೆ ಹೋಗಬಹುದು. ಆಗಲೂ ಅನುಮಾನ ಉಳಿದರೆ ರಕ್ತದಲ್ಲಿ ಬೀಟಾ ಎಚ್‌ಸಿಜಿ ನೋಡಿಸಿ.

ಇಲ್ಲಿ ಒಂದು ಮಾತು ಜೋರಾಗಿ ಹೇಳಬೇಕು. ಮುಟ್ಟು ತಪ್ಪಿದೆ, ಕೆಳಹೊಟ್ಟೆಯ ಒಂದೇ ಕಡೆ ನೋವು, ಸ್ವಲ್ಪ ಸ್ವಲ್ಪ ರಕ್ತ, ತಲೆ ಸುತ್ತಿ ಬಂದಂತೆ, ಭುಜದ ತುದಿಯಲ್ಲಿ ನೋವು. ಇದು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತ ಗರ್ಭ ಆಗಿರಬಹುದು. ನಾಳ ಒಡೆದರೆ ಹೊಟ್ಟೆಯೊಳಗೇ ರಕ್ತ ಹೋಗುತ್ತದೆ, ಹೊರಗೆ ಕಾಣುವುದಿಲ್ಲ. ಕಾರ್ಡು, ಲೆಕ್ಕ ಎಲ್ಲ ಬಿಟ್ಟು 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯುವ ನೋವಲ್ಲ ಅದು.

ಗರ್ಭ ನಿಂತಿದ್ದು ಅದು ಬೇಡವಾಗಿದ್ದರೆ, 1971ರ ಗರ್ಭಪಾತದ ಕಾನೂನು ಇದೆ. 2021ರಲ್ಲಿ ತಿದ್ದುಪಡಿ ಆದ ಮೇಲೆ ಅದರಲ್ಲಿ ‘ಗಂಡ’ ಅಂತ ಇದ್ದ ಕಡೆ ‘ಸಂಗಾತಿ’ ಅಂತ ಬಂದಿದೆ. 18 ತುಂಬಿದವಳಿಗೆ ಅವಳ ಒಪ್ಪಿಗೆ ಸಾಕು. ಅತ್ತೆಯದ್ದೂ ಬೇಡ, ಗಂಡನದ್ದೂ ಬೇಡ. ಹೆಸರು ಗುಟ್ಟಾಗಿಡುವುದು ಡಾಕ್ಟರ ಹೊಣೆ. ಮೆಡಿಕಲ್‌ನಿಂದ ಕದ್ದುಮುಚ್ಚಿ ಗುಳಿಗೆ ತಂದು ನುಂಗಬೇಡಿ. ಗರ್ಭ ನಾಳದಲ್ಲಿದ್ದರೆ ಆ ಗುಳಿಗೆ ಏನೂ ಮಾಡುವುದಿಲ್ಲ. ರಕ್ತ ಹೋಯಿತು, ಮುಗಿಯಿತು ಅಂತ ನೀವು ನಂಬಿ ಕೂತಿರುತ್ತೀರಿ, ಅಷ್ಟೆ.

ಇವತ್ತಿನ ದಿನ ಬಿಡಿ, ನಾಲ್ಕು ವಾರ ಹಿಂದೆ ನೋಡಿ

ಇಷ್ಟು ತಿಳಿದರೆ ಅರ್ಧ ಭಯ ಹೋಗುತ್ತದೆ. ಮುಟ್ಟು ತಾನಾಗಿ ತಡವಾಗುವುದು ಕಡಿಮೆ. ತಡವಾಗುವುದು ಅಂಡ.

ಮಿದುಳಿನ ಬುಡದಿಂದ ಪಿಟ್ಯುಟರಿ ಗ್ರಂಥಿಗೆ ಸೂಚನೆ ಬರುತ್ತದೆ. ಪಿಟ್ಯುಟರಿಯಿಂದ ಅಂಡಾಶಯಕ್ಕೆ. ಅಂಡಾಶಯ ಈಸ್ಟ್ರೋಜನ್ ಕೊಟ್ಟು ಗರ್ಭಕೋಶದ ಒಳಪದರ ಬೆಳೆಸುತ್ತದೆ, ಒಂದು ಅಂಡ ಬಿಡುತ್ತದೆ, ಆಮೇಲೆ ಪ್ರೊಜೆಸ್ಟರೋನ್ ಕೊಟ್ಟು ಆ ಪದರವನ್ನು ಹಿಡಿದು ನಿಲ್ಲಿಸುತ್ತದೆ. ಗರ್ಭ ನಿಲ್ಲಲಿಲ್ಲ ಅಂದರೆ ಪ್ರೊಜೆಸ್ಟರೋನ್ ಇಳಿಯುತ್ತದೆ, ಪದರ ಕಳಚಿ ಬೀಳುತ್ತದೆ. ಅದೇ ಮುಟ್ಟು. ಅಂಡ ಬಿಟ್ಟ ದಿನದಿಂದ ಮುಟ್ಟಿನವರೆಗೆ ಸುಮಾರು 14 ದಿನ. ಇದು ಅಷ್ಟಾಗಿ ಬದಲಾಗುವುದಿಲ್ಲ. ಹಿಗ್ಗುವುದು, ಕುಗ್ಗುವುದು ಅದಕ್ಕೂ ಮೊದಲಿನ ಭಾಗ.

ಈಗ ಲೆಕ್ಕ ಹಾಕಿ. 28 ದಿನಕ್ಕೆ ಆಗುವವಳು. 14ನೇ ದಿನ ಅಂಡ ಬರಬೇಕು. ಮಳೆಗಾಲದಲ್ಲಿ 10ನೇ ದಿನ ಡೆಂಗಿ ಜ್ವರ ಹಿಡಿಯಿತು. ‘ಈಗ ಬೇಡ’ ಅಂತ ಮಿದುಳು ಸೂಚನೆ ತಡೆಯಿತು. ಚೇತರಿಸಿಕೊಂಡ ಮೇಲೆ 26ನೇ ದಿನ ಅಂಡ ಬಂತು. ಮುಟ್ಟು 40ನೇ ದಿನ. ಹನ್ನೆರಡು ದಿನ ತಡ. ಅಷ್ಟು ಹೊತ್ತಿಗೆ ಅವಳಿಗೆ ಜ್ವರ ಮರೆತೇ ಹೋಗಿರುತ್ತದೆ. ಮುಟ್ಟು ತಪ್ಪಿದ ವಾರ ಚೆನ್ನಾಗಿಯೇ ಇದ್ದೆ, ಏನೂ ಆಗಿಲ್ಲ ಅನ್ನುತ್ತಾಳೆ. ಅದಕ್ಕೇ ನಾನು ಕೇಳುವುದು ಹಿಂದಿನ ಕಥೆ. ಒಂದು ತಿಂಗಳ ಕೆಳಗೆ ಎಲ್ಲಿದ್ದಿ? ಪರೀಕ್ಷೆ ಇತ್ತಾ? ಯಾರಾದರೂ ತೀರಿಕೊಂಡರಾ? ಮನೆ ಬದಲಿಸಿದಿರಾ? ಪಾಳಿ ಹಗಲಿಂದ ರಾತ್ರಿಗೆ ಬದಲಾಯಿತಾ? ಊರಿನ ಮದುವೆಗೆ ಮೂರು ರಾತ್ರಿ ನಿದ್ದೆಗೆಟ್ಟಿರಾ?

ಹೀಗೆ ಒಂದು ಸಲ ತಪ್ಪಿ ಮುಂದಿನ ಸಲ ಸರಿಯಾದರೆ ಅದರ ಹಿಂದೆ ಬೀಳಬೇಡಿ. ಪಪ್ಪಾಯಿ ತಿಂದೆ, ಎಳ್ಳು ಬೆಲ್ಲ ತಿಂದೆ, ಬಂತು ಅನ್ನುವವರು ಬಹಳ. ಬರುವುದಿತ್ತು, ಬಂತು. ಎಳ್ಳುಂಡೆ ರುಚಿಗೆ ತಿನ್ನಿ. ಇನ್ನೊಂದು, ‘ರಕ್ತ ಒಳಗೇ ಕಟ್ಟಿಕೊಂಡು ವಿಷ ಆಗುತ್ತೆ’ ಅಂತ ಅಜ್ಜಿಯರು ಹೆದರಿಸುತ್ತಾರೆ. ಹಾಗೆ ಕಟ್ಟಿಕೊಳ್ಳುವುದು ಹೊರಗೆ ಬರುವ ದಾರಿಯೇ ಮುಚ್ಚಿದ್ದಾಗ ಮಾತ್ರ. ಅದು ಅಪರೂಪ, ಮುಂದೆ ಹೇಳುತ್ತೇನೆ.

ಔಷಧದ ಡಬ್ಬಿ ತನ್ನಿ

ಕಾರ್ಡ್ ಎರಡು ಸಲವೂ ಇಲ್ಲ ಅಂದಿತು. ಈಗ ಮನೆಯ ಔಷಧದ ಡಬ್ಬಿ ತಂದು ಮೇಜಿನ ಮೇಲೆ ಸುರಿಯಿರಿ. ಪಿಸಿಒಡಿ (ಅಂಡಾಶಯದಲ್ಲಿ ಅಂಡ ಸರಿಯಾಗಿ ಬೆಳೆಯದ ತೊಂದರೆ), ಥೈರಾಯ್ಡ್ ಅಂತ ಗೂಗಲ್ ಮಾಡುವ ಮೊದಲು ಇದು. ‘ನಾನು ಯಾವ ಔಷಧವನ್ನೂ ತಗೊಳ್ಳೋದಿಲ್ಲ’ ಅನ್ನುವವರ ಚೀಲದಲ್ಲೇ ಜಾಸ್ತಿ ಸ್ಟ್ರಿಪ್ ಇರುತ್ತವೆ. ನಾವು ದಿನಾ ನುಂಗುವುದನ್ನು ಔಷಧ ಅಂತ ಕರೆಯುವುದೇ ಇಲ್ಲ, ಅಲ್ವಾ?

ಮೇಲಿನ ಮಹಡಿಯವಳದ್ದು ಹಾಗೇ ಆಯಿತು. ಕಾರ್ಡ್ ಇಲ್ಲ ಅಂದಿತು, ವಾರ ಬಿಟ್ಟೂ ಇಲ್ಲ. ‘ಚೀಲ ತಾ’ ಅಂದೆ. ಲಿಪ್‌ಸ್ಟಿಕ್, ಕಂಪನಿಯ ಕಾರ್ಡು, ಅರ್ಧ ಪ್ಯಾಕೆಟ್ ಖಾರಿ ಬಿಸ್ಕೆಟ್, ಅದರ ಕೆಳಗೆ ಒಂದು ಕ್ಯಾಪ್ಸೂಲ್ ಸ್ಟ್ರಿಪ್. “ಅದು ಗ್ಯಾಸಿಗೆ ಆಂಟಿ. ರಾತ್ರಿ ಊಟ ಹೊತ್ತಲ್ಲದ ಹೊತ್ತಲ್ಲಿ ಆಗುತ್ತಲ್ಲ, ಎದೆ ಉರಿ. ನಾಲ್ಕು ತಿಂಗಳಿಂದ ದಿನಾ ಒಂದು.” ಕನ್ನಡಕ ಹಾಕಿಕೊಂಡು ಹಿಂಬದಿ ಓದಿದೆ. ರಾಬೆಪ್ರಜೋಲ್ ಜೊತೆ ಲೆವೊಸಲ್ಪಿರೈಡ್.

ಲೆವೊಸಲ್ಪಿರೈಡ್, ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್. ಈ ಮೂರು ಹೆಸರು ಬರೆದಿಟ್ಟುಕೊಳ್ಳಿ. ಹೊಟ್ಟೆಯುಬ್ಬರ, ವಾಂತಿ, ಎದೆಯುರಿಗೆ ಕೊಡುವ ಕ್ಯಾಪ್ಸೂಲ್‌ಗಳಲ್ಲಿ ಆಮ್ಲ ತಗ್ಗಿಸುವ ಔಷಧದ ಜೊತೆ ಇವೂ ಸೇರಿರುತ್ತವೆ. ನಾಲ್ಕು ದಿನ ತಗೊಂಡರೆ ದೊಡ್ಡ ತೊಂದರೆ ಇಲ್ಲ. ತಿಂಗಳುಗಟ್ಟಲೆ ತಗೊಂಡರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಹಾಲೂಡುವ ತಾಯಂದಿರಲ್ಲಿ ಏರುವ ಹಾರ್ಮೋನ್ ಅದು. ಏರಿದಾಗ ಮಿದುಳು ಅಂಡಾಶಯಕ್ಕೆ ಸೂಚನೆ ಕಳಿಸುವುದನ್ನು ನಿಲ್ಲಿಸುತ್ತದೆ. ಮುಟ್ಟೂ ನಿಲ್ಲುತ್ತದೆ. ಕೆಲವರಿಗೆ ಮೊಲೆಯಲ್ಲಿ ಹಾಲಿನಂಥ ನೀರು ಬರುತ್ತದೆ, ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಅವಳಿಗೂ ಬರುತ್ತಿತ್ತು, ಮೆಲ್ಲಗೆ ಕೇಳಿದ ಮೇಲೆ ಹೇಳಿದಳು. ಡಾಕ್ಟರ ಹತ್ತಿರ ಕಳಿಸಿದೆ. 25ರ ಒಳಗೆ ಇರಬೇಕಾದ ಪ್ರೊಲ್ಯಾಕ್ಟಿನ್ 100 ದಾಟಿತ್ತು. ಕ್ಯಾಪ್ಸೂಲ್ ನಿಲ್ಲಿಸಿ ಬರೀ ಆಮ್ಲದ ಗುಳಿಗೆ ಕೊಟ್ಟರು, ಊಟದ ಹೊತ್ತು ಸರಿಮಾಡಿಸಿದರು. ಮತ್ತೆ ರಕ್ತ ನೋಡಿದಾಗ ಇಳಿದಿತ್ತು. ಐದು ವಾರಕ್ಕೆ ಮುಟ್ಟಾದಳು. ಅವಳು ಮೊದಲು ತಂದಿದ್ದ ಗುಳಿಗೆ ತಿಂದಿದ್ದರೆ, ಬಂದರೂ ಬರುತ್ತಿತ್ತೇನೋ. ಕ್ಯಾಪ್ಸೂಲ್ ಮಾತ್ರ ಚೀಲದಲ್ಲೇ ಇರುತ್ತಿತ್ತು.

ಮಾನಸಿಕ ಕಾಯಿಲೆಗೆ ಕೊಡುವ ಕೆಲವು ಗುಳಿಗೆಗಳೂ ಇದನ್ನೇ ಮಾಡುತ್ತವೆ. ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್ ಅಂಥವು. ಇವನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಕೊಟ್ಟ ಡಾಕ್ಟರಿಗೆ ಮುಟ್ಟಿನ ವಿಷಯ ಹೇಳಿ, ಅವರು ಬದಲಿಸುತ್ತಾರೆ. ಮುಟ್ಟು ಒಂದು ತಿಂಗಳು ಕಾಯಬಹುದು, ಮನಸ್ಸು ಕಾಯುವುದಿಲ್ಲ.

ಇನ್ನು ನಮ್ಮ ಮುಂಬೈ ಪುಣೆಯ ವಿಶೇಷ. ಗಣಪತಿ ಹಬ್ಬ. ಚೌತಿಗೆ ಎರಡು ವಾರ ಇರುವಾಗಲೇ ಮೆಡಿಕಲ್‌ನಲ್ಲಿ ‘ಡೇಟ್ ಮುಂದೆ ಹಾಕೋ ಗುಳಿಗೆ’ ಕೇಳುವವರು ಶುರು. ಆ ಗುಳಿಗೆ ನೊರೆಥಿಸ್ಟರೋನ್. ಇದು ಪ್ರೊಜೆಸ್ಟರೋನಿನ ಜಾತಿಗೆ ಸೇರಿದ್ದು. ನುಂಗುತ್ತಿರುವಷ್ಟು ದಿನ ಪದರವನ್ನು ಹಿಡಿದಿಡುತ್ತದೆ, ಬಿಟ್ಟ ಎರಡು ಮೂರು ದಿನಕ್ಕೆ ಪದರ ಬೀಳುತ್ತದೆ. ಈಗ ತಮಾಷೆ ನೋಡಿ. ಮೇಲಿನ ಮಹಡಿಯವಳು ‘ಬರಿಸಲಿಕ್ಕೆ’ ಅಂತ ತಂದಿದ್ದ ಗುಳಿಗೆಯೂ ಇದೇ ನೊರೆಥಿಸ್ಟರೋನ್! ಮುಂದೆ ಹಾಕುವುದೂ ಅದೇ, ತರಿಸುವುದೂ ಅದೇ. ತರಿಸುವುದು ಗುಳಿಗೆಯಲ್ಲ, ಗುಳಿಗೆ ಬಿಡುವುದು.

ಗೌರಿಯಿಂದ ಅನಂತ ಚತುರ್ದಶಿಯವರೆಗೆ, ನಡುವೆ ಸತ್ಯನಾರಾಯಣ ಪೂಜೆ, ಮತ್ತೆ ನವರಾತ್ರಿ ಅಂತ ಎರಡು ಮೂರು ಸಲ ತಗೊಂಡವರ ಲೆಕ್ಕ ಪೂರ್ತಿ ಕಲಸಿಹೋಗಿರುತ್ತದೆ. ಆಮೇಲೆ ‘ತಪ್ಪಿದೆ’ ಅನ್ನುತ್ತಾರೆ. ಗುಳಿಗೆ ಬಿಟ್ಟ ಮೇಲೆ ಬಂದ ರಕ್ತದ ಮೊದಲ ದಿನದಿಂದ ಹೊಸ ಲೆಕ್ಕ ಹಿಡಿಯಿರಿ. ಬಿಟ್ಟು ಹತ್ತು ದಿನವಾದರೂ ಬರದಿದ್ದರೆ ಕಾರ್ಡ್ ಮಾಡಿ, ಏಕೆಂದರೆ ಈ ಗುಳಿಗೆಯನ್ನು ಹೀಗೆ ತಗೊಂಡರೆ ಗರ್ಭ ತಡೆಯುತ್ತದೆ ಅಂತ ನಂಬುವಂತಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದವರು, ಲಿವರ್ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಗಣಪತಿಗೆ ಬೇಸರವಿಲ್ಲ ಅಂತ ನನ್ನ ಅನಿಸಿಕೆ. ಅದು ಅವರವರ ಮನೆಯ ವಿಷಯ, ಬಿಡಿ.

ಗರ್ಭ ತಡೆಯುವ ತುರ್ತು ಗುಳಿಗೆ, ಅಂದರೆ ಗಂಡುಹೆಣ್ಣು ಸೇರಿದ 72 ಗಂಟೆಯೊಳಗೆ ತಗೊಳ್ಳುವ ಲೆವೊನೊರ್‌ಜೆಸ್ಟ್ರೆಲ್, ಮುಟ್ಟನ್ನು ಒಂದು ವಾರ ಹಿಂದೆಮುಂದೆ ಮಾಡಬಹುದು. ವಾರ ದಾಟಿದರೆ ಕಾರ್ಡ್. ಸರಕಾರಿ ಆಸ್ಪತ್ರೆಯಲ್ಲಿ ಗರ್ಭ ತಡೆಯಲು 3 ತಿಂಗಳಿಗೊಮ್ಮೆ ಕೊಡುವ ಅಂತರಾ ಇಂಜೆಕ್ಷನ್ ತಗೊಂಡವರಿಗೆ ಮುಟ್ಟು ನಿಲ್ಲುವುದು ಸಾಮಾನ್ಯ, ಕಾಯಿಲೆ ಅಲ್ಲ. ಬಿಟ್ಟ ಮೇಲೂ ಅಂಡ ಮತ್ತೆ ಶುರುವಾಗಲು ಕೊನೆಯ ಇಂಜೆಕ್ಷನ್ನಿನಿಂದ 7ರಿಂದ 10 ತಿಂಗಳು ಹಿಡಿಯಬಹುದು. ಗರ್ಭ ತಡೆಯುವ ಛಾಯಾ ಗುಳಿಗೆಯಲ್ಲಿ ಹಾರ್ಮೋನ್ ಇಲ್ಲ, ಆದರೂ ಮುಟ್ಟನ್ನು ತಡಮಾಡುತ್ತದೆ. 15 ದಿನಕ್ಕಿಂತ ಹೆಚ್ಚು ತಡವಾದರೆ ಪರೀಕ್ಷೆ ಮಾಡಿ. ಹಾರ್ಮೋನ್ ಇರುವ ಕಾಪರ್ ಟಿಯಂಥ ಸಾಧನ ಹಾಕಿಸಿಕೊಂಡವರಿಗೂ ಸ್ರಾವ ಕಡಿಮೆಯಾಗಿ ನಿಂತೇಹೋಗಬಹುದು. ಬರೀ ತಾಮ್ರದ್ದು ಹಾಗೆ ಮಾಡುವುದಿಲ್ಲ. ಅದರಲ್ಲಿ ಮುಟ್ಟು ತಪ್ಪಿದರೆ ಕೂಡಲೇ ಕಾರ್ಡ್.

ಮತ್ತೆ ಮತ್ತೆ ತಪ್ಪುತ್ತಿದ್ದರೆ

ಈಗ ಎಲ್ಲರ ಬಾಯಲ್ಲೂ ಇರುವ ಪಿಸಿಒಡಿ. ಡಾಕ್ಟರುಗಳು ಪಿಸಿಒಎಸ್ ಅನ್ನುತ್ತಾರೆ. ಒಬ್ಬ ತಾಯಿ 17 ವರ್ಷದ ಮಗಳ ಸೋನೋಗ್ರಫಿ ರಿಪೋರ್ಟ್ ಹಿಡಿದು ಅಳುತ್ತಾ ಬಂದಿದ್ದರು. ‘ಎರಡೂ ಕಡೆ ಗಡ್ಡೆ ಇವೆಯಂತೆ, ಇವಳಿಗೆ ಮದುವೆ ಹೇಗೆ?’ ಗಡ್ಡೆ ಅಲ್ಲ ಅವು. ಬೆಳೆಯಲು ಶುರುಮಾಡಿ ಅರ್ಧಕ್ಕೆ ನಿಂತ ಅಂಡದ ಗುಳ್ಳೆಗಳು. ಹರೆಯದ ಹುಡುಗಿಯರಲ್ಲಿ ಎಷ್ಟೋ ಜನರಿಗೆ ಹೀಗೇ ಕಾಣುತ್ತದೆ. ಮೈನೆರೆದು 8 ವರ್ಷದೊಳಗೆ ಸೋನೋಗ್ರಫಿ ನೋಡಿ ಈ ಹೆಸರು ಹಚ್ಚಬಾರದು ಅಂತ ಈಗಿನ ನಿಯಮವೇ ಇದೆ.

2003ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಒಂದು ಅಳತೆ ಮಾಡಿದರು. ಮೂರರಲ್ಲಿ ಎರಡು ಇರಬೇಕು. ಅಂಡ ಸರಿಯಾಗಿ ಬರದೆ ಮುಟ್ಟು ದೂರ ದೂರ ಆಗುವುದು. ಗಂಡು ಹಾರ್ಮೋನ್ ಹೆಚ್ಚಾಗಿ ಗಲ್ಲದಲ್ಲಿ ಕೂದಲು, ಬಿಡದ ಮೊಡವೆ, ಇಲ್ಲವೇ ರಕ್ತದಲ್ಲೇ ಏರಿರುವುದು. ಸೋನೋಗ್ರಫಿಯಲ್ಲಿ ಆ ಗುಳ್ಳೆಗಳು. ಬರೀ ರಿಪೋರ್ಟ್ ಸಾಲದು. ಥೈರಾಯ್ಡ್, ಪ್ರೊಲ್ಯಾಕ್ಟಿನ್ ಸರಿ ಇವೆ ಅಂತ ನೋಡಿದ ಮೇಲೆಯೇ ಈ ಹೆಸರು.

ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ದಪ್ಪಗಾಗಿದೆಯಾ ನೋಡಿ. ಉಜ್ಜಿದರೆ ಹೋಗುವ ಕೊಳೆಯಲ್ಲ ಅದು, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಗುರುತು. ತೂಕ ಹೆಚ್ಚಿರುವವರಲ್ಲಿ 5ರಿಂದ 10 ಶೇಕಡಾ ಇಳಿದರೂ ಎಷ್ಟೋ ಸಲ ಮುಟ್ಟು ಸಾಲಿಗೆ ಬರುತ್ತದೆ. 70 ಕೆಜಿ ಇದ್ದವಳಿಗೆ ಮೂರೂವರೆ ಕೆಜಿಯಿಂದ ಶುರು. ತೆಳ್ಳಗಿರುವವರಿಗೂ ಪಿಸಿಒಎಸ್ ಇರುತ್ತದೆ, ಅವರಿಗೆ ‘ದಪ್ಪ ಕಡಿಮೆ ಮಾಡು’ ಅನ್ನುವುದು ದಂಡ.

ಮದುವೆ, ಮಕ್ಕಳ ಚಿಂತೆಯಲ್ಲಿ ಒಂದು ವಿಷಯ ಎಲ್ಲರಿಗೂ ಮರೆಯುತ್ತದೆ. ಅಂಡ ಬರದಿದ್ದಾಗ ಪ್ರೊಜೆಸ್ಟರೋನ್ ಇಲ್ಲ, ಈಸ್ಟ್ರೋಜನ್ ಮಾತ್ರ ಪದರ ಬೆಳೆಸುತ್ತಲೇ ಇರುತ್ತದೆ. ವರ್ಷಗಟ್ಟಲೆ ಹೀಗಾದರೆ ಆ ಪದರ ಕೆಡಬಹುದು, ಕ್ಯಾನ್ಸರಿಗೂ ತಿರುಗಬಹುದು. ಅದಕ್ಕೇ ಪಿಸಿಒಎಸ್ ಇದ್ದು 90 ದಿನ ದಾಟಿದರೆ ಡಾಕ್ಟರೇ ಗುಳಿಗೆ ಕೊಟ್ಟು ಮುಟ್ಟು ಮಾಡಿಸುತ್ತಾರೆ. ಇಲ್ಲಿ ಟ್ಯಾಂಕರ್ ಬೇಕೇ ಬೇಕು. ಆದರೆ ಪೈಪು ಎಲ್ಲಿ ಒಡೆದಿದೆ ಅಂತ ಗೊತ್ತಾದ ಮೇಲೆ.

ಥೈರಾಯ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಿಎಸ್ಎಚ್ ಒಂದು ರಕ್ತಪರೀಕ್ಷೆ. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದಿರುವುದು. ಹೆಚ್ಚಾದರೆ ಎದೆ ಬಡಿತ, ಬೆವರು, ತೂಕ ಇಳಿಯುವುದು. ಎರಡರಲ್ಲೂ ಮುಟ್ಟು ಕೆಡುತ್ತದೆ. ಥೈರಾಯ್ಡ್ ಕಡಿಮೆಯಾದರೆ ಪ್ರೊಲ್ಯಾಕ್ಟಿನ್ ಕೂಡ ಏರಬಹುದು, ಆದ್ದರಿಂದ ಎರಡನ್ನೂ ಒಟ್ಟಿಗೇ ನೋಡಿಸಿ. ಔಷಧವೂ ಇಲ್ಲ, ಥೈರಾಯ್ಡೂ ಸರಿ, ಪ್ರೊಲ್ಯಾಕ್ಟಿನ್ ಮಾತ್ರ ಏರಿದೆ, ಜೊತೆಗೆ ತಲೆನೋವು, ಪಕ್ಕದಿಂದ ಬರುವವರು ಕಾಣದಂತಾಗುವುದು ಇದ್ದರೆ ಪಿಟ್ಯುಟರಿಯ ಎಂಆರ್‌ಐ ಆಗಬೇಕು. ಅಲ್ಲಿ ಸಣ್ಣ ಗೆಡ್ಡೆ ಇದ್ದರೂ ಬಹಳ ಮಂದಿಗೆ ಗುಳಿಗೆಯಲ್ಲೇ ಕುಗ್ಗುತ್ತದೆ.

ಊಟ ಬಿಟ್ಟವರ ಕಥೆ ಬೇರೆ. ಮದುವೆಗೆ ಆರು ತಿಂಗಳಿದೆ ಅಂತ ಬರೀ ಸಲಾಡ್ ತಿಂದವಳು, ಜನವರಿಯ ಮ್ಯಾರಥಾನ್‌ಗೆ ಅಂತ ದಿನಾ ಓಡಿ ಊಟ ಹೆಚ್ಚಿಸದವಳು. ಮೈಗೆ ಬರುವ ಆಹಾರ ಕಡಿಮೆ, ಖರ್ಚು ಜಾಸ್ತಿ ಆದಾಗ ಮಿದುಳು ಮೊದಲು ನಿಲ್ಲಿಸುವುದು ಈ ವಿಭಾಗವನ್ನೇ. ‘ಫಿಟ್ ಆಗಿದ್ದೇನೆ, ಮುಟ್ಟಿನ ರಗಳೆಯೂ ಇಲ್ಲ’ ಅಂತ ಒಬ್ಬಳು ಖುಷಿಪಟ್ಟಿದ್ದಳು. ಈಸ್ಟ್ರೋಜನ್ ಇಲ್ಲದೆ ಎಲುಬು ಸವೆಯುತ್ತದೆ. ಅವಳ ಕಾಲಿನ ಎಲುಬಿನಲ್ಲಿ ಬಿರುಕು ಬಂದ ಮೇಲೆ ನಂಬಿದಳು.

ವಯಸ್ಸಿನ ಲೆಕ್ಕ

15 ತುಂಬಿದರೂ ಮೈನೆರೆಯದಿದ್ದರೆ, 13 ಆದರೂ ಎದೆಯ ಬೆಳವಣಿಗೆಯೇ ಇಲ್ಲದಿದ್ದರೆ ತೋರಿಸಿ. ‘ನಮ್ಮ ಮನೆತನದಲ್ಲಿ ತಡವೇ’ ಅಂತ ಕೂರಬೇಡಿ. ದಾರಿ ಮುಚ್ಚಿರುವುದು ಅಂದೆನಲ್ಲ, ಅದು ಇಲ್ಲಿ. ಹುಡುಗಿ ಎಲ್ಲಾ ರೀತಿಯಲ್ಲೂ ಬೆಳೆದಿದ್ದಾಳೆ, ತಿಂಗಳು ತಿಂಗಳು ಕೆಳಹೊಟ್ಟೆ ನೋವು, ರಕ್ತ ಮಾತ್ರ ಇಲ್ಲ. ಒಮ್ಮೊಮ್ಮೆ ಮೂತ್ರವೇ ಕಟ್ಟುತ್ತದೆ. ಯೋನಿಯ ಬಾಯಲ್ಲಿ ಪೊರೆ ಪೂರ್ತಿ ಮುಚ್ಚಿರಬಹುದು. ಸಣ್ಣ ಆಪರೇಷನ್ನಿನಲ್ಲಿ ಸರಿಹೋಗುತ್ತದೆ.

ಹಾಲೂಡುವ ತಾಯಂದಿರಿಗೆ ಮುಟ್ಟು ಬರದಿರುವುದು ಸಹಜ. ಆದರೆ ಮೊದಲ ಮುಟ್ಟಿಗಿಂತ ಮೊದಲೇ ಅಂಡ ಬಂದಿರಬಹುದು. ಒಂದೂ ಮುಟ್ಟು ಕಾಣದೆ ಎರಡನೆಯ ಮಗುವಿಗೆ ಬಸಿರಾದವರು ನಮ್ಮ ಓಪಿಡಿಗೆ ಹೊಸಬರಲ್ಲ.

40ರ ಒಳಗೇ ಮುಟ್ಟು ನಿಂತು, ಮೈ ಬಿಸಿಯಾಗಿ ಬೆವರುವುದು, ನಿದ್ದೆ ಬಾರದಿರುವುದು ಇದ್ದರೆ ರಕ್ತದಲ್ಲಿ ಎಫ್ಎಸ್ಎಚ್ ಅನ್ನುವ ಹಾರ್ಮೋನ್ ನೋಡಿಸಿ. ಅಂಡಾಶಯ ಬೇಗ ಸೋತಿರಬಹುದು. 45 ದಾಟಿದವರಲ್ಲಿ ತಪ್ಪುವುದು, ಮತ್ತೆ ಬರುವುದು ಸಹಜ. ಪೂರ್ತಿ 12 ತಿಂಗಳು ಬರದಿದ್ದರೆ ನಿಂತಿತು ಅಂತ ಲೆಕ್ಕ. ಆಮೇಲೆ ಒಂದು ಹನಿ ರಕ್ತ ಕಂಡರೂ ಡಾಕ್ಟರ ಹತ್ತಿರ ಹೋಗಬೇಕು. ಮತ್ತೆ ಹರೆಯ ಬಂತು ಅಂತ ನಗಬೇಡಿ.

ಅದೇ ಗುಳಿಗೆ, ಟೆಸ್ಟರ್ ಆಗಿ

ರಕ್ತಪರೀಕ್ಷೆ ಎಲ್ಲ ಆದ ಮೇಲೂ ಗೊತ್ತಾಗದಿದ್ದರೆ, ಡಾಕ್ಟರು ಪ್ರೊಜೆಸ್ಟರೋನ್ ಜಾತಿಯ ಗುಳಿಗೆಯನ್ನೇ 5ರಿಂದ 10 ದಿನ ಕೊಟ್ಟು ನೋಡುತ್ತಾರೆ. ಎಲೆಕ್ಟ್ರಿಷಿಯನ್ ಟೆಸ್ಟರ್ ಚುಚ್ಚಿ ನೋಡಿದ ಹಾಗೆ. ಬಿಟ್ಟ ಮೇಲೆ ರಕ್ತ ಬಂದರೆ ಪದರ ಬೆಳೆದಿದೆ, ಈಸ್ಟ್ರೋಜನ್ ಇದೆ, ದಾರಿ ತೆರೆದಿದೆ, ಅಂಡ ಮಾತ್ರ ಬರುತ್ತಿಲ್ಲ. ಬರಲಿಲ್ಲ ಅಂದರೆ ಈಸ್ಟ್ರೋಜನ್ನೇ ಇಲ್ಲ, ಇಲ್ಲವೇ ಗರ್ಭಕೋಶದಲ್ಲೇ ದೋಷ. ಈಸ್ಟ್ರೋಜನ್ ಕೊಟ್ಟು ನೋಡಿದರೂ ಬರಲಿಲ್ಲ ಅಂದರೆ ಗರ್ಭಕೋಶದ ಮೇಲೇ ಅನುಮಾನ.

ಗರ್ಭಪಾತವಾಗಿ ಕ್ಯೂರೆಟಿಂಗ್, ಅಂದರೆ ಗರ್ಭಕೋಶದ ಒಳಗೆ ಕೆರೆದು ತೆಗೆಯುವುದನ್ನು, ಮಾಡಿಸಿಕೊಂಡ ಮೇಲೆ ಮುಟ್ಟು ನಿಂತಿದ್ದರೆ ಅದನ್ನು ಮೊದಲೇ ಹೇಳಿ. ಒಳಗೋಡೆಗಳು ಅಂಟಿಕೊಂಡಿರಬಹುದು. ಇನ್ನೊಂದು ನಮ್ಮ ದೇಶದಲ್ಲಿ ಮರೆಯಬಾರದ ಕಾಯಿಲೆ, ಗರ್ಭಕೋಶದ ಟಿಬಿ. ಕೆಮ್ಮು ಇಲ್ಲ, ಕಫ ಇಲ್ಲ. ಮೊದಲು ಸ್ರಾವ ಕಡಿಮೆಯಾಗುತ್ತಾ ಬಂದು, ಒಂದು ದಿನದ ಕಲೆಯಷ್ಟಾಗಿ, ಆಮೇಲೆ ನಿಲ್ಲುತ್ತದೆ. ಮಕ್ಕಳಾಗಲಿಲ್ಲ ಅಂತ ಬಂದಾಗ ಎಷ್ಟೋ ಸಲ ಗೊತ್ತಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ ಅಂತ ಡಾಕ್ಟರು ಕೇಳಿದರೆ ಮುಚ್ಚಿಡಬೇಡಿ. ಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಔಷಧ ಸರಕಾರದಿಂದ ಪುಕ್ಕಟೆ.

ಡಾಕ್ಟರ ಹತ್ತಿರ ಹೋಗುವಾಗ

ಒಂದು ಚೀಟಿಯಲ್ಲಿ ಕೊನೆಯ ಆರು ಮುಟ್ಟಿನ ಮೊದಲ ದಿನಗಳು. ನೆನಪಿಲ್ಲದ್ದನ್ನು ಅಂದಾಜು ಹಾಕಿ ಬರೆಯಬೇಡಿ, ಖಾಲಿ ಬಿಡಿ. ಎಲ್ಲಾ ಗುಳಿಗೆಗಳ ಸ್ಟ್ರಿಪ್, ಆಯುರ್ವೇದದ್ದೂ, ಜಿಮ್‌ನವರು ಕೊಟ್ಟ ಪುಡಿಯೂ. ಕಾರ್ಡ್ ಯಾವ ದಿನ ಮಾಡಿದಿರಿ ಅಂತ. ತೂಕ ಏರಿದ್ದು, ಇಳಿದದ್ದು. ಅತ್ತೆಯ ಮುಂದೆ ಹೇಳಲಾಗದ್ದು ಇದ್ದರೆ ‘ನಾನೊಬ್ಬಳೇ ಮಾತಾಡಬೇಕು’ ಅನ್ನಿ. ಅತ್ತೆಯನ್ನು ಹೊರಗೆ ಕೂರಿಸುವ ಉಪಾಯ ಎಲ್ಲಾ ನರ್ಸುಗಳಿಗೂ ಗೊತ್ತಿದೆ.

ಪ್ರೊಲ್ಯಾಕ್ಟಿನ್‌ಗೆ ರಕ್ತ ಕೊಡುವಾಗ ಹಾಸಿಗೆಯಿಂದ ಎದ್ದವಳೇ ಓಡಬೇಡಿ. ಎದ್ದು ಒಂದೆರಡು ಗಂಟೆಯಾಗಿರಲಿ. ಲೋಕಲ್‌ನಲ್ಲಿ ನೂಕಾಡಿ ಬಂದಿದ್ದರೆ ಅಲ್ಲೇ ಅರ್ಧ ಗಂಟೆ ಸುಮ್ನೆ ಕೂತು ಆಮೇಲೆ ಕೊಡಿ. ಗಾಬರಿಗೂ ಅದು ಏರುತ್ತದೆ.

ಸೋನೋಗ್ರಫಿ ಎರಡು ಬಗೆ. ಒಳಗಿನಿಂದ ನೋಡುವುದಕ್ಕೆ ಮೂತ್ರ ಹೊಯ್ದು ಬರಬೇಕು. ಹೊಟ್ಟೆಯ ಮೇಲಿಂದ ನೋಡುವುದಕ್ಕೆ ಮೂತ್ರಕೋಶ ತುಂಬಿರಬೇಕು. ಮದುವೆಯಾಗದ ಹುಡುಗಿಯರಿಗೆ ಇಲ್ಲಿ ಸಾಮಾನ್ಯವಾಗಿ ಮಾಡುವುದು ಎರಡನೆಯದೇ. ಒಂದು ಗಂಟೆ ಮೊದಲು ನಾಲ್ಕೈದು ಲೋಟ ನೀರು ಕುಡಿಯಬೇಕು. ಡೊಂಬಿವಲಿಯಲ್ಲೇ ನೀರು ಕುಡಿದು ದಾದರಿಗೆ ಹೊರಡಬೇಡಿ. ಲೋಕಲ್‌ನಲ್ಲಿ ಶೌಚಾಲಯ ಇರುವುದಿಲ್ಲ, ಮಳೆ ಬಂದರೆ ಕುರ್ಲಾದ ಹತ್ತಿರ ಗಾಡಿ ಎಷ್ಟು ಹೊತ್ತು ನಿಲ್ಲುತ್ತದೋ ಹೇಳಲಾಗದು. ಬಾಟಲಿ ಚೀಲದಲ್ಲಿರಲಿ, ಸೆಂಟರ್ ಮುಟ್ಟಿ ಹೆಸರು ಬರೆಸಿದ ಮೇಲೆ ಕುಡಿಯಿರಿ.